ಅಳುವ ಕಂದನ ಬೆನ್ನು ಮುಟ್ಟುವ ಮುನ್ನ

ಸಂಜೆ ಐದು ಗಂಟೆಯಾಯಿತೆಂದರೆ ಸಾಕು, ಮನೆಯಲ್ಲಿ ಎಲ್ಲರ ಎದೆ ಢವಢವ ಎನ್ನುತ್ತಿತ್ತು. ಅದು ಮೊಮ್ಮಗ ಅಳು ಶುರು ಮಾಡುವ ಹೊತ್ತು. ಹಾಲು ಕುಡಿಸಿದರೂ ಅಳು, ಬಟ್ಟೆ ಬದಲಿಸಿದರೂ ಅಳು, ಹೆಗಲ ಮೇಲೆ ಹಾಕಿಕೊಂಡು ತಿರುಗಾಡಿದರೂ ಅಳು. ಮುಷ್ಟಿ ಬಿಗಿಹಿಡಿದು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ರಾತ್ರಿ ಒಂಬತ್ತರವರೆಗೂ ಒಂದೇ ಸಮನೆ.

ಇದು 2024ರ ಜೂನ್ ತಿಂಗಳ ಮಾತು. ಮಗಳ ಬಾಣಂತನಕ್ಕೆಂದು ನಾನು ಅರಸೀಕೆರೆಯಿಂದ ಮೆಲ್ಬರ್ನ್‌ಗೆ ಹೋಗಿದ್ದೆ. ಅಲ್ಲಿ ಆಗ ಚಳಿಗಾಲ, ಐದಕ್ಕೆಲ್ಲ ಕತ್ತಲು. ನಾನು ಕೊಂಡೊಯ್ದಿದ್ದ ಬಜೆ ಬೇರನ್ನು ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಂಡಿದ್ದರು. ಉಳಿದಿದ್ದು ಕೊಬ್ಬರಿ ಎಣ್ಣೆ ಮತ್ತು ನನ್ನ ಎರಡು ಕೈ. ಅವೆರಡರಿಂದಲೂ ಅಳು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಮಗಳು ಕಣ್ಣು ಊದಿಸಿಕೊಂಡು ಅಡುಗೆಮನೆಗೆ ಬಂದಳು. “ಅಮ್ಮಾ, ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಕೈರೋಪ್ರಾಕ್ಟರ್ ಹತ್ರ.”

“ಹಾಗಂದ್ರೆ ಯಾರೇ?”

“ಬೆನ್ನುಮೂಳೆ ಸರಿ ಮಾಡೋರು. ಹುಟ್ಟುವಾಗ ಕತ್ತು, ಬೆನ್ನು ಒತ್ತಿ ಹೋಗಿರತ್ತಂತೆ. ಅದಕ್ಕೇ ಅಳೋದಂತೆ. ನಮ್ಮ ತಾಯಂದಿರ ಗುಂಪಲ್ಲಿ ಒಬ್ಬರ ಮಗು ಮೂರು ಸಲ ಹೋದ ಮೇಲೆ ಅಳೋದೇ ಬಿಟ್ಟಿತಂತೆ.”

ನನಗೆ ತಕ್ಷಣ ಹೊಳೆದದ್ದು ನಮ್ಮೂರಿನ ಉಳುಕು ತೆಗೆಯುವವರು. ಅದನ್ನೇ ಹೇಳಿದೆ. “ಅವರಿಗೆ ಹೋಲಿಸ್ಬೇಡಮ್ಮಾ, ಇವರು ಡಾಕ್ಟ್ರು. ಹೆಸರಿನ ಮುಂದೆ ಡಾ. ಅಂತಿದೆ” ಎಂದಳು. ಆರು ವಾರದಿಂದ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಕಾಣದ ಹುಡುಗಿಯ ಜೊತೆ ವಾದ ಮಾಡುವುದು ಹೇಗೆ? ಸುಮ್ಮನಾದೆ. ಆದರೆ ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಆ ರಾತ್ರಿ ಅಳಿಯಂದಿರನ್ನು ಕೂರಿಸಿಕೊಂಡು, “ಇದೇನು ಎತ್ತ ಅಂತ ಸ್ವಲ್ಪ ಓದಿ ಹೇಳಿ” ಅಂದೆ.

ಕಿವಿ ಕೇಳಿಸಿದ ಕಥೆ

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ, 1895ರಲ್ಲಿ. ಅಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಅಯಸ್ಕಾಂತ ಚಿಕಿತ್ಸೆ ಎಂದು ಹೇಳಿಕೊಂಡು ಕೈಯಾಡಿಸಿ ರೋಗ ವಾಸಿ ಮಾಡುತ್ತಿದ್ದ. ಆ ಕಟ್ಟಡದ ಕಸ ಗುಡಿಸುವ ಹಾರ್ವೆ ಲಿಲರ್ಡ್ ಎಂಬವನಿಗೆ ಕಿವಿ ಮಂದವಾಗಿತ್ತು. ಅವನ ಬೆನ್ನಿನಲ್ಲಿ ಉಬ್ಬಿಕೊಂಡಿದ್ದ ಮೂಳೆಯನ್ನು ಒತ್ತಿ ಕೂರಿಸಿದೆ, ಕಿವಿ ಕೇಳಿಸಿತು ಎಂದು ಪಾಮರ್ ಸಾರಿದ. ಬೆನ್ನುಮೂಳೆಯ ಬಿಲ್ಲೆಗಳು ಕೊಂಚ ಸರಿದು ನರಗಳಿಗೆ ಅಡ್ಡ ಬರುವುದೇ ಬಹುಪಾಲು ರೋಗಗಳ ಮೂಲ ಎಂಬ ಸಿದ್ಧಾಂತವನ್ನು ಇದರ ಮೇಲೆ ಕಟ್ಟಿದ. ಗ್ರೀಕ್ ಭಾಷೆಯ ಕೈ ಮತ್ತು ಕೆಲಸ ಎಂಬ ಎರಡು ಪದ ಸೇರಿ ಈ ಹೆಸರಾಯಿತು. ಕಿವಿಯ ನರ ತಲೆಬುರುಡೆಯೊಳಗೇ ಮಿದುಳಿಗೆ ಹೋಗುತ್ತದೆ, ಬೆನ್ನಿನ ದಾರಿಗೆ ಬರುವುದೇ ಇಲ್ಲ ಎಂಬುದು ಅವನ ಸಿದ್ಧಾಂತಕ್ಕೆ ಅಡ್ಡಿಯಾಗಲಿಲ್ಲ.

ಇಂದಿನ ಕೈರೋಪ್ರಾಕ್ಟರುಗಳೆಲ್ಲ ಪಾಮರ್ ಹೇಳಿದ್ದನ್ನೇ ನಂಬುತ್ತಾರೆಂದಲ್ಲ. ಎಷ್ಟೋ ಜನ ದೊಡ್ಡವರ ಸೊಂಟನೋವು, ಬೆನ್ನುನೋವಿಗಷ್ಟೇ ಚಿಕಿತ್ಸೆ ಕೊಡುತ್ತಾರೆ. ಆ ನೋವಿಗೆ ಇದರಿಂದ ಕೆಲವರಿಗೆ ಉಪಶಮನ ಸಿಗುವುದೂ ನಿಜ. ಆಸ್ಟ್ರೇಲಿಯಾದಲ್ಲಿ ಅವರು ವಿಶ್ವವಿದ್ಯಾಲಯದಲ್ಲಿ ಓದಿ, ಸರ್ಕಾರದ ಮಂಡಳಿಯಲ್ಲಿ ನೋಂದಾಯಿಸಿಕೊಂಡೇ ಕೆಲಸ ಮಾಡಬೇಕು. ಹೆಸರಿನ ಮುಂದೆ ಡಾ. ಎಂದು ಹಾಕಿಕೊಳ್ಳಲೂ ಅವಕಾಶವಿದೆ. ಆದರೆ ಅವರು ಎಂಬಿಬಿಎಸ್ ಓದಿದ ವೈದ್ಯರಲ್ಲ, ಮಕ್ಕಳ ತಜ್ಞರೂ ಅಲ್ಲ. ನನ್ನ ಮಗಳು ಎಡವಿದ್ದು ಇಲ್ಲೇ.

ಹತ್ತು ನಿಮಿಷ ಎತ್ತಿಕೊಂಡ ನರ್ಸ್

ಹಾಗಾದರೆ ಮಕ್ಕಳ ಅಳು ಇದರಿಂದ ನಿಲ್ಲುತ್ತದೆಯೇ? ನಾರ್ವೆಯಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದ ವಿಷಯವನ್ನು ಅಳಿಯಂದಿರು ಓದಿ ಹೇಳಿದರು. ವಿಪರೀತ ಅಳುವ 86 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಕೈರೋಪ್ರಾಕ್ಟರಿಂದ ಬೆನ್ನಿನ ಚಿಕಿತ್ಸೆ. ಇನ್ನೊಂದು ಗುಂಪಿನ ಮಕ್ಕಳನ್ನು ನರ್ಸ್ ಒಬ್ಬರು ಹತ್ತು ನಿಮಿಷ ಸುಮ್ಮನೆ ಎತ್ತಿಕೊಂಡು ಕೂತರು, ಅಷ್ಟೇ. ಯಾವ ಮಗುವಿಗೆ ಏನಾಯಿತೆಂದು ಅಪ್ಪ ಅಮ್ಮಂದಿರಿಗೆ ಹೇಳಲಿಲ್ಲ. ಕೊನೆಗೆ ನೋಡಿದರೆ ಚಿಕಿತ್ಸೆ ಪಡೆದ 46 ಮಕ್ಕಳಲ್ಲಿ 32 ಮಕ್ಕಳಿಗೆ ಸ್ವಲ್ಪವಾದರೂ ವಾಸಿ. ಬರೀ ಎತ್ತಿಕೊಂಡಿದ್ದ 40ರಲ್ಲಿ 24 ಮಕ್ಕಳಿಗೂ ವಾಸಿ! ಚಿಕಿತ್ಸೆಯಿಂದಲೇ ಆಯಿತು ಎನ್ನುವಷ್ಟು ಅಂತರ ಇದಲ್ಲ ಎಂದು ಸಂಶೋಧಕರು ತೀರ್ಮಾನಿಸಿದರು.

ಇದರ ಗುಟ್ಟು ಇಷ್ಟೇ. ಹಸುಗೂಸಿನ ಅಳು ಎರಡನೇ ವಾರದಿಂದ ಏರುತ್ತಾ ಹೋಗಿ, ಆರನೇ ವಾರದ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆರೋಗ್ಯವಾಗಿರುವ, ತೂಕ ಏರುತ್ತಿರುವ ಮಗು ದಿನಕ್ಕೆ ಮೂರು ಗಂಟೆ ಮೀರಿ, ವಾರದಲ್ಲಿ ಮೂರು ದಿನಕ್ಕೂ ಹೆಚ್ಚು ಹೀಗೆ ಅತ್ತರೆ ಅದನ್ನು ಕೋಲಿಕ್ ಎನ್ನುತ್ತಾರೆ. ತಾಯಿ ತಂದೆ ಸುಸ್ತಾಗಿ ಯಾರ ಬಾಗಿಲನ್ನಾದರೂ ಬಡಿಯುವುದು ಅಳು ತುತ್ತತುದಿಯಲ್ಲಿದ್ದಾಗ. ಅಲ್ಲಿಂದ ಮುಂದೆ ಏನು ಮಾಡಿದರೂ ಅಳು ಇಳಿಯುವುದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ಕೀರ್ತಿ ಮಾತ್ರ ಕಾಗೆಗೆ!

ಈ ಮಾತನ್ನು ಬಹಿರಂಗವಾಗಿ ಆಡಿದ್ದಕ್ಕೆ ಬ್ರಿಟನ್ನಿನ ವಿಜ್ಞಾನ ಲೇಖಕ ಸೈಮನ್ ಸಿಂಗ್ ಕೋರ್ಟು ಹತ್ತಬೇಕಾಯಿತು. ಮಕ್ಕಳ ಕೋಲಿಕ್, ಕಿವಿಯ ಸೋಂಕು, ಅಸ್ತಮಾಗಳಿಗೆಲ್ಲ ಕೈರೋಪ್ರಾಕ್ಟಿಕ್ ಸಹಾಯವಾಗುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿ ಎಂದು 2008ರಲ್ಲಿ ಅವರು ಪತ್ರಿಕೆಯಲ್ಲಿ ಬರೆದರು. ಬ್ರಿಟಿಷ್ ಕೈರೋಪ್ರಾಕ್ಟಿಕ್ ಸಂಘ ಮಾನನಷ್ಟದ ಮೊಕದ್ದಮೆ ಹೂಡಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಸಿಂಗ್ ಪರವಾಗಿ ಹೇಳಿದ ಮೇಲೆ ಸಂಘ ಮೊಕದ್ದಮೆ ಹಿಂತೆಗೆದುಕೊಂಡಿತು.

ತಲೆಕೆಳಗಾದ ಮಗು

ನಾವಿದ್ದ ವಿಕ್ಟೋರಿಯಾ ರಾಜ್ಯದಲ್ಲೇ ಇದು ದೊಡ್ಡ ಗಲಾಟೆಯಾಗಿದ್ದೂ ಆಮೇಲೆ ತಿಳಿಯಿತು. ಮೆಲ್ಬರ್ನ್‌ನ ಕೈರೋಪ್ರಾಕ್ಟರ್ ಒಬ್ಬರು ಎರಡು ವಾರದ ಮಗುವಿಗೆ ಚಿಕಿತ್ಸೆ ಕೊಡುವ ವಿಡಿಯೋ 2019ರಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಅದರಲ್ಲಿ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿದ್ದರು. ಜನ ಸಿಟ್ಟಾದರು. ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಗೆ ಈ ಚಿಕಿತ್ಸೆ ಬೇಡವೆಂದು ಕೈರೋಪ್ರಾಕ್ಟರುಗಳ ಮಂಡಳಿ ತಡೆ ಹಾಕಿತು. ರಾಜ್ಯ ಸರ್ಕಾರ ತಜ್ಞರಿಂದ ಪರಿಶೀಲನೆ ಮಾಡಿಸಿತು. ಮಕ್ಕಳಿಗೆ ಚಿಕಿತ್ಸೆ ಕೊಡಿಸಿದ್ದ ಸಾವಿರಾರು ಅಪ್ಪ ಅಮ್ಮಂದಿರು ಅಭಿಪ್ರಾಯ ಬರೆದು ಕಳಿಸಿದರು. ಹೆಚ್ಚುಕಡಿಮೆ ಎಲ್ಲರೂ ಬರೆದದ್ದು “ನಮ್ಮ ಮಗುವಿಗೆ ಒಳ್ಳೆಯದಾಯಿತು” ಎಂದೇ!

ತಜ್ಞರು ಅಭಿಪ್ರಾಯವನ್ನೂ ಕೇಳಿದರು, ಪುರಾವೆಯನ್ನೂ ನೋಡಿದರು. ಗಂಭೀರ ಹಾನಿಯಾಗಿದ್ದು ತೀರಾ ಅಪರೂಪ ಎಂದು ಒಪ್ಪಿಕೊಂಡರು. ಆದರೆ ಪ್ರಯೋಜನವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವೇ ಸಿಗಲಿಲ್ಲ. ಕೋಲಿಕ್, ಅಸ್ತಮಾ, ಕಿವಿಯ ಸೋಂಕು, ಹಾಸಿಗೆ ಒದ್ದೆ ಮಾಡುವುದು ಮುಂತಾದವಕ್ಕೆ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆನ್ನುಮೂಳೆಯ ಚಿಕಿತ್ಸೆ ಕೊಡಬಾರದು ಎಂದು ಶಿಫಾರಸು ಮಾಡಿದರು. ಲಾಭವೇ ಇಲ್ಲದ ಮೇಲೆ ಅಪಾಯ ಎಳ್ಳಷ್ಟಿದ್ದರೂ ಅದು ಹೆಚ್ಚೇ ಅಲ್ಲವೇ?

ಅಷ್ಟಾದರೂ 2023ರ ಕೊನೆಗೆ ಮಂಡಳಿ ಆ ತಡೆಯನ್ನು ಸದ್ದಿಲ್ಲದೆ ಸಡಿಲಿಸಿತ್ತು. ಮಗಳಿಗೆ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಆ ಸಂದಿಯಲ್ಲೇ.

ಮಗುವನ್ನು ತಲೆಕೆಳಗಾಗಿ ಹಿಡಿದರೆಂದು ಅಳಿಯಂದಿರು ಓದಿದಾಗ “ಅಯ್ಯೋ ಪಾಪ, ಎಂಥ ಜನ!” ಎಂದು ನನ್ನ ಬಾಯಿಗೆ ಬಂತು. ಮಾತು ಅಲ್ಲೇ ನಿಂತಿತು. ಮೂವತ್ತೆರಡು ವರ್ಷದ ಹಿಂದೆ, ನಮ್ಮ ಬಚ್ಚಲುಮನೆಯಲ್ಲಿ, ಇದೇ ಮಗಳನ್ನು ಎರೆಯುವ ಅಜ್ಜಿ ಕಾಲಿನ ಮೇಲೆ ಮಲಗಿಸಿಕೊಂಡು, ಕೈಕಾಲು ಅಡ್ಡಡ್ಡ ಎಳೆದು, ಕೊನೆಗೆ ಎರಡೂ ಪಾದ ಹಿಡಿದು ತಲೆಕೆಳಗೆ ಮಾಡಿ ಕೊಡವುತ್ತಿದ್ದರು. “ಮೂಳೆ ಬಿಡಿಸಿಕೊಳ್ಳತ್ತೆ, ಚೆನ್ನಾಗಿ ನಿದ್ದೆ ಮಾಡತ್ತೆ” ಎನ್ನುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬೇಡ ಎನ್ನುವ ಧೈರ್ಯ ಒಂದು ದಿನವೂ ಬರಲಿಲ್ಲ. ದೊಡ್ಡವರು ಹೇಳಿದ್ದು, ಎಲ್ಲರ ಮನೆಯಲ್ಲೂ ಮಾಡಿದ್ದು ತಪ್ಪಿರುತ್ತದೆಯೇ ಎಂದುಕೊಂಡೆ. ಮಗಳು ತನ್ನ ತಾಯಂದಿರ ಗುಂಪಿನ ಮಾತನ್ನು ನಂಬಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎಣ್ಣೆ ಹಚ್ಚಿ ಹಗುರವಾಗಿ ನೀವುವುದು, ಬೆಚ್ಚಗೆ ನೀರೆರೆಯುವುದು ಮಗುವಿಗೂ ಹಿತ, ತಾಯಿಗೂ ಹಿತ. ಜಗ್ಗುವುದು, ತಿರುಚುವುದು, ಲಟಿಕೆ ಮುರಿಸುವುದು, ತಲೆಕೆಳಗೆ ಮಾಡುವುದು ಬೇರೆಯೇ. ಐದು ವರ್ಷದೊಳಗಿನ ಮಕ್ಕಳ ಕೈಯನ್ನು ಜೋರಾಗಿ ಜಗ್ಗಿದರೆ ಮೊಣಕೈ ಕೀಲು ಜಾರುವುದು ಮಕ್ಕಳ ವೈದ್ಯರೆಲ್ಲ ಕಂಡಿರುವ ಸಂಗತಿ. ಕೂಸಿನ ಕತ್ತಿಗಂತೂ ಇನ್ನೂ ಬಲವೇ ಬಂದಿರುವುದಿಲ್ಲ.

ಗುರುವಾರದ ರಾತ್ರಿ

ಇಷ್ಟೆಲ್ಲ ತಿಳಿದರೂ ಮಗಳಿಗೆ ಹೇಳುವುದು ಸುಲಭವಿರಲಿಲ್ಲ. ಗುರುವಾರ ರಾತ್ರಿ ಹನ್ನೊಂದು ದಾಟಿತ್ತು. ಅಂದು ಅಳು ಒಂಬತ್ತಕ್ಕೂ ನಿಂತಿರಲಿಲ್ಲ. ಇದ್ದಕ್ಕಿದ್ದಂತೆ ಮಗಳು ಕೋಣೆಯಿಂದ ಹೊರಬಂದು ಮಗುವನ್ನು ನನ್ನ ಕೈಗೆ ತುರುಕಿ ಗೋಡೆಗೆ ಒರಗಿ ಕೂತುಬಿಟ್ಟಳು.

“ಅಮ್ಮಾ, ತಗೋ ಇವನನ್ನ. ಇನ್ನೊಂದು ನಿಮಿಷ ಇದ್ದಿದ್ರೆ ಹಿಡಿದು ಅಲುಗಾಡಿಸಿಬಿಡ್ತಿದ್ದೆ. ನಾನು ಎಂಥಾ ತಾಯಿ?”

ಆಗ ನನಗೆ ಅರ್ಥವಾಯಿತು, ಈ ಮನೆಯಲ್ಲಿ ಚಿಕಿತ್ಸೆ ಬೇಕಿರುವುದು ಯಾರಿಗೆ ಎಂದು. ನಾವೆಲ್ಲ ಮಗುವಿನ ಬೆನ್ನನ್ನೇ ನೋಡುತ್ತಿದ್ದೆವು. ಮುರಿದುಬೀಳುವ ಹಾಗಿದ್ದದ್ದು ತಾಯಿ.

ವಿಕ್ಟೋರಿಯಾದಲ್ಲಿ ತಾಯಿ-ಮಗುವಿನ ಆರೋಗ್ಯ ನರ್ಸ್‌ಗಳ ಉಚಿತ ಸೇವೆ ಇದೆ. ಫೋನಿಗೂ ಸಿಗುತ್ತಾರೆ. ಅಳಿಯಂದಿರು ಆಗಲೇ ಫೋನ್ ಮಾಡಿದರು. ಆ ಕಡೆಯ ನರ್ಸ್ ಮೊದಲು ಜ್ವರ, ವಾಂತಿ, ಹಾಲು, ಒದ್ದೆ ಬಟ್ಟೆಗಳ ಲೆಕ್ಕ ಕೇಳಿದರು. ಆಮೇಲೆ ಮಗಳ ಹತ್ತಿರ ತುಂಬ ಹೊತ್ತು ಮಾತಾಡಿದರು. “ಮಗುವನ್ನು ಬೇರೆಯವರ ಕೈಗೆ ಕೊಟ್ಟು ಹೊರಗೆ ಬಂದಿರಲ್ಲ, ಅದೇ ಒಳ್ಳೆಯ ತಾಯಿ ಮಾಡುವ ಕೆಲಸ” ಎಂದರಂತೆ. ಯಾರೂ ಇಲ್ಲದಿದ್ದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹತ್ತು ನಿಮಿಷ ಆಚೆ ಹೋಗಿ ಉಸಿರಾಡಿ ಬನ್ನಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ, ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ, ಜೀವಕ್ಕೇ ಅಪಾಯ ಎಂದರಂತೆ.

ಮರುದಿನ ಬೆಳಿಗ್ಗೆ ಮಕ್ಕಳ ವೈದ್ಯರಿಗೆ ತೋರಿಸಿದೆವು. ತೂಕ ಸರಿಯಾಗಿ ಏರಿತ್ತು, ಮಗು ಆರೋಗ್ಯವಾಗಿತ್ತು. ಅಳಿಯಂದಿರು ಓದಿದ್ದನ್ನೆಲ್ಲ ಆಗ ಮಗಳಿಗೆ ಹೇಳಿದರು. ಶನಿವಾರದ ಅಪಾಯಿಂಟ್‌ಮೆಂಟನ್ನು ಅವಳೇ ರದ್ದು ಮಾಡಿದಳು. ಆ ತಿಂಗಳು ಮುಗಿಯುವುದರೊಳಗೆ, ಆರೋಗ್ಯ ಮಂತ್ರಿಗಳ ಒತ್ತಾಯದ ಮೇಲೆ, ಮಂಡಳಿ ಎರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಮತ್ತೆ ತಡೆ ಹಾಕಿತೆಂಬ ಸುದ್ದಿಯೂ ಬಂತು.

ನಾವು ಮನೆಯಲ್ಲಿ ಪಾಳಿ ಹಾಕಿಕೊಂಡೆವು. ಸಂಜೆ ಐದರಿಂದ ಏಳು ನನ್ನದು, ಏಳರಿಂದ ಒಂಬತ್ತು ಅಳಿಯಂದಿರದು. ಆ ನಾಲ್ಕು ಗಂಟೆಯಲ್ಲಿ ಮಗಳು ಹಾಲೂಡಿಸಲಿಕ್ಕೆ ಮಾತ್ರ ಬರಬೇಕು. ಉಳಿದಂತೆ ಊಟ, ನಿದ್ದೆ, ಬಿಸಿನೀರಿನ ಸ್ನಾನ. ಕೋಣೆಯ ದೀಪ ಮಂದ ಮಾಡಿ, ಮಗುವನ್ನು ಎದೆಗೊತ್ತಿಕೊಂಡು ಲಾಲಿ ಹಾಡುತ್ತಾ ಓಡಾಡುತ್ತಿದ್ದೆ. ಅವನು ಅಳುತ್ತಲೇ ಇದ್ದ. ಆದರೆ ನಮಗೆ ಭಯ ಹೋಗಿತ್ತು.

ಹನ್ನೆರಡನೇ ವಾರದಲ್ಲಿ ಒಂದು ಸಂಜೆ ಐದಾಯಿತು, ಐದೂವರೆಯಾಯಿತು, ಮನೆಯಲ್ಲಿ ಸದ್ದಿಲ್ಲ. ಹೋಗಿ ನೋಡಿದರೆ ಮೊಮ್ಮಗ ತನ್ನ ಮುಷ್ಟಿಯನ್ನೇ ಬೆರಗಿನಿಂದ ನೋಡುತ್ತಾ ಮಲಗಿದ್ದ. ಹಿಂದಿನ ದಿನವಷ್ಟೇ ನಾನು ಯಾರಿಗೂ ಕಾಣದಂತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದ್ದೆ. ಇದನ್ನು ಹೇಳಿದಾಗ ಮಗಳು ನಕ್ಕುಬಿಟ್ಟಳು. “ನೋಡಮ್ಮಾ, ಈಗ ಕಾಗೆ ನೀನೇ!”

ತಡ ಮಾಡದೆ ವೈದ್ಯರಿಗೆ ತೋರಿಸಿ

ಎಲ್ಲ ಅಳುವೂ ತಾನಾಗಿ ನಿಲ್ಲುವ ಅಳುವಲ್ಲ. ಕೆಳಗಿನ ಯಾವುದೇ ಲಕ್ಷಣ ಕಂಡರೆ ಮನೆಮದ್ದು, ಎಣ್ಣೆ, ಉಳುಕು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು:

* ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚು ಜ್ವರ
* ಹಸಿರು ಬಣ್ಣದ ವಾಂತಿ. ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ
* ಹಾಲು ಬಿಡುವುದು, ಮೂತ್ರ ಕಡಿಮೆಯಾಗುವುದು, ತೂಕ ಏರದಿರುವುದು
* ಉಸಿರಾಟಕ್ಕೆ ಕಷ್ಟ, ಮೈ ಸಡಿಲ ಬಿಟ್ಟು ಮಂಕಾಗುವುದು, ಎಬ್ಬಿಸಿದರೂ ಏಳದಿರುವುದು
* ನೆತ್ತಿ ಉಬ್ಬಿಕೊಳ್ಳುವುದು; ತೊಡೆಸಂದಿಯಲ್ಲಿ ಗಂಟು
* ಎಂದಿನಂತಿಲ್ಲದ ಕೀರಲು ಅಥವಾ ಕ್ಷೀಣ ಅಳು

ಮಗುವಿನ ಕತ್ತು ಸದಾ ಒಂದೇ ಕಡೆಗೆ ವಾಲುತ್ತಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಮೃದುವಾದ ವ್ಯಾಯಾಮಗಳಿಂದ ಹೆಚ್ಚಿನ ಮಕ್ಕಳಲ್ಲಿ ಅದು ಸರಿಹೋಗುತ್ತದೆ. ಮಗುವಿನ ಮೂಳೆಗೆ ಕೈಹಾಕುತ್ತೇನೆ ಎನ್ನುವವರು ಯಾರೇ ಇರಲಿ, “ನೀವು ಓದಿದ್ದೇನು? ಇದರಿಂದ ಗುಣವಾಗುತ್ತದೆ ಎಂಬುದಕ್ಕೆ ಆಧಾರವೇನು? ಏನೂ ಮಾಡದಿದ್ದರೆ ಏನಾಗುತ್ತದೆ?” ಎಂದು ಕೇಳಿ. ಕೇಳಲು ಸಂಕೋಚ ಬೇಡ. ಬಚ್ಚಲುಮನೆಯ ಬಾಗಿಲಲ್ಲಿ ನಿಂತು ನಾನು ಕೇಳದೇ ಉಳಿದ ಪ್ರಶ್ನೆಗಳು ಅವೇ.