ಎಳೆಯ ಕಿವಿ, ಎಳೆಯ ಮಾತು: ಶೈಶವ ಚಿಕಿತ್ಸೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಸೇವಾವರ್ಷ

ವಿದ್ಯಾಸಂಸ್ಥೆಯೊಂದರ ಸಂಸ್ಮರಣ ಸಂಪುಟದಲ್ಲಿ ಶಾಲೆಯ ಒಳಗಣ ವಿಚಾರಗಳು ಬರುವುದು ವಾಡಿಕೆ. ಶಾಲೆಯ ಹೊಸ್ತಿಲನ್ನು ಇನ್ನೂ ತುಳಿಯದ ಮಕ್ಕಳ ವಿಚಾರವನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವುಂಟು. ಮಗು ಒಂದನೆಯ ತರಗತಿಗೆ ಬಂದಾಗ ಉಪಾಧ್ಯಾಯರು ಕರಿಹಲಗೆಯ ಮುಂದೆ ನಿಂತು ಕಲಿಸತೊಡಗುವುದು ಅಕ್ಷರವನ್ನು, ಭಾಷೆಯನ್ನಲ್ಲ. ಭಾಷೆಯನ್ನು ಮಗು ಮನೆಯಿಂದಲೇ ಕಟ್ಟಿಕೊಂಡು ಬಂದಿರಬೇಕು. ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಆ ಬುತ್ತಿ ಕಟ್ಟಿಕೊಡುವವರು ಯಾರು, ಎಂದು ಕಟ್ಟಿಕೊಡಬೇಕು ಎಂಬ ಪ್ರಶ್ನೆಗೆ ಶಾಲೆ ಉತ್ತರ ಹೇಳಲಾರದು. ಶಾಲೆ ಆ ಮಗುವನ್ನು ನೋಡುವ ಹೊತ್ತಿಗೆ ಉತ್ತರದ ಕಾಲ ಬಹುಮಟ್ಟಿಗೆ ಕಳೆದುಹೋಗಿರುತ್ತದೆ. ಆ ಕಾಲದಲ್ಲಿ ಮಗುವಿನ ಬಳಿ ಕುಳಿತು ದುಡಿಯುವವರಲ್ಲಿ ಅನೇಕರು ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿನ ಕಾಲೇಜು ವಿದ್ಯಾರ್ಥಿಗಳು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. ಅವರ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಸಾವಿರ ಶಿಶುಗಳು ಜನಿಸಿದರೆ ಅವರಲ್ಲಿ ಒಂದರಿಂದ ಮೂರು ಶಿಶುಗಳಿಗೆ ಗಣನೀಯವಾದ ಶ್ರವಣದೋಷವಿರುತ್ತದೆಂದು ತಜ್ಞರ ಅಂದಾಜು. ಈ ದೋಷ ಕಣ್ಣಿಗೆ ಕಾಣುವಂಥದಲ್ಲ. ಕಿವಿ ಕೇಳದ ಶಿಶುವೂ ಮೊದಲ ತಿಂಗಳುಗಳಲ್ಲಿ ಉಳಿದ ಶಿಶುಗಳಂತೆಯೇ ಅಳುತ್ತದೆ, ನಗುತ್ತದೆ, ಕೂಗುಡುತ್ತದೆ. ಆದುದರಿಂದ ತಾಯಿಗೆ ಸಂಶಯವೇ ಬರುವುದಿಲ್ಲ. ಸಂಶಯ ಬಂದಾಗ ಮನೆಯವರು ಮಾಡುವ ಪರೀಕ್ಷೆ ಒಂದೇ: ಬೆನ್ನ ಹಿಂದೆ ನಿಂತು ತಟ್ಟೆ ಬಡಿಯುವುದು. ಮಗು ತಿರುಗಿ ನೋಡುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ತಟ್ಟೆಯ ಸದ್ದು ಜೋರಾದದ್ದು, ಅದರ ಅದುರು ನೆಲದಿಂದಲೂ ಮೈಗೆ ತಾಕೀತು, ಬಡಿಯುವವರ ನೆರಳೂ ಕಂಡೀತು. ತಟ್ಟೆಯ ಸದ್ದಿಗೆ ತಿರುಗಿದ ಮಗುವಿಗೆ ‘ಸ’ಕಾರ, ‘ಶ’ಕಾರಗಳು ಕೇಳುತ್ತವೆಂದು ಹೇಳಲಾಗದು. ಬಳಿಕ ಹಿರಿಯರ ಮಾತು ಬರುತ್ತದೆ: “ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು.” ಬಜೆ ತೇಯ್ದು ನಾಲಗೆಗೆ ಹಚ್ಚುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಇವುಗಳನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಮಗುವಿನ ಮೇಲಣ ಪ್ರೀತಿಯೇ ಇವನ್ನು ಮಾಡಿಸುತ್ತದೆ. ಆದರೆ ಬಜೆಯ ಜೊತೆಗೆ ಎರಡು ವರ್ಷವೂ ತೇಯ್ದುಹೋಗುತ್ತದೆ.

ಆ ಎರಡು ವರ್ಷಗಳ ಬೆಲೆಯೇನೆಂಬುದನ್ನು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿಕೊಟ್ಟಿತು. ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು ಶ್ರವಣದೋಷವುಳ್ಳ ೧೫೦ ಮಕ್ಕಳನ್ನು ಪರಿಶೀಲಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ಕೂಡಲೇ ಶಿಕ್ಷಣ ದೊರೆತ ಮಕ್ಕಳ ಭಾಷೆ, ಆರು ತಿಂಗಳ ಬಳಿಕ ಪತ್ತೆಯಾದ ಮಕ್ಕಳ ಭಾಷೆಗಿಂತ ಸ್ಪಷ್ಟವಾಗಿ ಮೇಲಾಗಿತ್ತು. ದೋಷದ ತೀವ್ರತೆ, ತಂದೆತಾಯಿಗಳ ವಿದ್ಯೆ, ಮನೆಯ ಆರ್ಥಿಕ ಸ್ಥಿತಿ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಉಳಿಯಿತು. ೨೦೦೦ದಲ್ಲಿ ಅಲ್ಲಿನ ತಜ್ಞರ ಜಂಟಿ ಸಮಿತಿ ಒಂದು ಸರಳ ಸೂತ್ರವನ್ನು ಮುಂದಿಟ್ಟಿತು: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿಶ್ಚಯ, ಆರು ತಿಂಗಳೊಳಗೆ ಶ್ರವಣ ಸಾಧನ ಹಾಗೂ ಶಿಕ್ಷಣದ ಆರಂಭ. ನಮ್ಮ ದೇಶದ ಶ್ರವಣತಜ್ಞರೂ ಈ ಗಡುವನ್ನೇ ಆದರ್ಶವೆಂದು ಬಗೆಯುತ್ತಾರೆ.

ಆದರ್ಶಕ್ಕೆ ಕೈಗಳು ಬೇಕು. ನಮ್ಮಲ್ಲಿ ತರಬೇತಿ ಹೊಂದಿದ ವಾಕ್-ಶ್ರವಣತಜ್ಞರು ದೇಶದ ಜನಸಂಖ್ಯೆಗೆ ಹೋಲಿಸಿದರೆ ಬಹಳ ಕಡಿಮೆ. ಈ ಕೊರತೆಯನ್ನು ಕಂಡೇ ೧೯೬೫ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹುಟ್ಟಿಕೊಂಡಿತು. ಮಾನಸಗಂಗೋತ್ರಿಯ ನೆರೆಯಲ್ಲಿರುವ ಈ ಸಂಸ್ಥೆಗೆ ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿಯೂ ಧಾರವಾಡದಲ್ಲಿಯೂ ವಾಕ್ ಶ್ರವಣ ಸಂಸ್ಥೆಗಳನ್ನು ನಡೆಸುತ್ತಿರುವುದು ಈ ಸಂಪುಟದ ವಾಚಕರಿಗೆ ವಿದಿತವೇ ಇದೆ. ಇಂದು ಈ ವಿಷಯದ ಪದವಿ ಶಿಕ್ಷಣ ನಾಲ್ಕು ವರ್ಷಗಳದ್ದು. ಮೂರು ವರ್ಷ ಪಾಠ, ಪ್ರಯೋಗ. ಕೊನೆಯ ಒಂದು ವರ್ಷ ಪೂರ್ತಿಯಾಗಿ ಇಂಟರ್ನ್‌ಷಿಪ್. ಈ ವರ್ಷವನ್ನು ಸೇವಾವರ್ಷವೆಂದು ಕರೆಯುವುದೇ ನನಗೆ ಸರಿಕಾಣುತ್ತದೆ. ೧೯೯೨ರ ಕಾಯಿದೆಯಿಂದ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತು ಈ ಶಿಕ್ಷಣದ ಕ್ರಮವನ್ನು ಗೊತ್ತುಪಡಿಸುತ್ತದೆ. ಸೇವಾವರ್ಷ ಮುಗಿಸದವನಿಗೆ ಪದವಿಯಿಲ್ಲ.

ಈ ವರ್ಷದಲ್ಲಿ ವಿದ್ಯಾರ್ಥಿ ಮಾಡುವುದೇನು? ಮೊದಲನೆಯದು ಹೆರಿಗೆ ಆಸ್ಪತ್ರೆಯ ಕೆಲಸ. ಹುಟ್ಟಿ ಒಂದೆರಡು ದಿನಗಳಾದ ಶಿಶುವಿನ ಕಿವಿಯೊಳಕ್ಕೆ ಮೃದುವಾದ ಒಂದು ಸಣ್ಣ ಬಿರಡೆಯನ್ನಿಟ್ಟು ಮೆಲ್ಲನೆಯ ಸದ್ದನ್ನು ಕಳುಹಿಸುತ್ತಾರೆ. ಒಳಗಿವಿಯ ಕೂದಲುಕಣಗಳು ಆರೋಗ್ಯವಾಗಿದ್ದರೆ ಅವು ತಾವೇ ಒಂದು ಅತಿ ಸೂಕ್ಷ್ಮವಾದ ಪ್ರತಿಧ್ವನಿಯನ್ನು ಹೊರಗೆ ಕಳುಹಿಸುತ್ತವೆ. ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ಸದ್ದು ಮಾಡುವುದೂ ಉಂಟು ಎಂಬ ಈ ಸಂಗತಿಯನ್ನು ೧೯೭೮ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಪ್ರಕಟಿಸಿದಾಗ ನಂಬದವರೇ ಹೆಚ್ಚು. ಇಂದು ಅದೇ ಕೆಲವು ನಿಮಿಷಗಳ ಪರೀಕ್ಷೆ. ಪ್ರತಿಧ್ವನಿ ಬಾರದಿದ್ದರೆ ಮಗು ಕಿವುಡೆಂದು ಅರ್ಥವಲ್ಲ. ಕಿವಿಯಲ್ಲಿ ಹೆರಿಗೆಯ ದ್ರವ ಉಳಿದಿರಬಹುದು, ಮಗು ಕೊಸರಾಡಿರಬಹುದು. ಪುನಃ ಕರೆಯಬೇಕು. ಇಲ್ಲಿಯೇ ವಿದ್ಯಾರ್ಥಿಯ ನಿಜವಾದ ಪರೀಕ್ಷೆ. ಬಾಣಂತಿಯ ತವರು ಎಲ್ಲಿಯೋ, ಗಂಡನ ಮನೆ ಎಲ್ಲಿಯೋ. “ಇನ್ನೊಮ್ಮೆ ಬರಬೇಕಮ್ಮ” ಎಂಬ ಮಾತನ್ನು ಭಯ ಹುಟ್ಟದಂತೆ, ಆದರೆ ಉದಾಸೀನವೂ ಹುಟ್ಟದಂತೆ ಹೇಳಬೇಕು. ಮದುವೆಯಾಗದ ಇಪ್ಪತ್ತೊಂದರ ಹುಡುಗಿ ಹಸಿ ಬಾಣಂತಿಗೂ ಅವಳ ಅತ್ತೆಗೂ ಇದನ್ನು ಹೇಳುವುದು ಸುಲಭವಲ್ಲ. ಹಾಗೆ ಹೇಳಿ ಕಳುಹಿಸಿದ ತಾಯಂದಿರಲ್ಲಿ ಮರಳಿ ಬಾರದವರ ಮಕ್ಕಳೇ ಮುಂದೆ ಮೂರು, ನಾಲ್ಕನೆಯ ವರ್ಷದಲ್ಲಿ ‘ಮಾತು ಬರಲಿಲ್ಲ’ ಎಂದು ಬರುವವರು.

ಎರಡನೆಯದು ಮಿದುಳಿನವರೆಗೆ ಸದ್ದು ತಲಪುವುದೇ ಎಂದು ನೋಡುವ ಪರೀಕ್ಷೆ. ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಇದಕ್ಕೆ ಮಗು ನಿದ್ದೆ ಮಾಡುತ್ತಿರಬೇಕು. ಯಂತ್ರದ ಬೆಲೆ ಲಕ್ಷಗಟ್ಟಲೆ ಇರಬಹುದು. ಆದರೂ ಮಗು ಮಲಗುವವರೆಗೆ ಅದು ಸುಮ್ಮನೆ ಕಾದಿರಬೇಕು. ಲಾಲಿ ಹಾಡಿ, ತೊಡೆಯ ಮೇಲೆ ತೂಗಿ, ಮಗು ಕಣ್ಣು ಮುಚ್ಚಿದ ಮೇಲೆ ಉಸಿರು ಬಿಗಿಹಿಡಿದು ತಂತಿ ಅಂಟಿಸುವುದು ಯಾವ ಪಠ್ಯಪುಸ್ತಕದಿಂದಲೂ ಬರುವ ವಿದ್ಯೆಯಲ್ಲ.

ದೋಷ ನಿಶ್ಚಯವಾಗಿ ಶ್ರವಣ ಸಾಧನ ತೊಡಿಸಿದ ಮೇಲೆ ಮೂರನೆಯ ಹಾಗೂ ದೀರ್ಘವಾದ ಕೆಲಸ ತೊಡಗುತ್ತದೆ. ಸಾಧನ ಸದ್ದನ್ನು ಹಿಗ್ಗಿಸುತ್ತದೆಯೇ ಹೊರತು ಅರ್ಥವನ್ನು ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟಿಗೂ ಇದೇ ಮಾತು ಸಲ್ಲುತ್ತದೆ. ಶಸ್ತ್ರಚಿಕಿತ್ಸೆ ಆಯಿತು, ಇನ್ನು ಮಾತು ತಾನೇ ಬರುತ್ತದೆಂದು ಊರಿಗೆ ಮರಳಿದವರು ವರ್ಷ ಕಳೆದ ಮೇಲೆ ನಿರಾಶರಾಗಿ ಬರುವುದುಂಟು. ವಿದ್ಯಾರ್ಥಿ ತಾಯಿಯನ್ನು ಕೂರಿಸಿಕೊಂಡು, ಮಗುವಿನ ಆಟದಲ್ಲಿಯೇ ಮಾತನ್ನು ಹೇಗೆ ಬೆರೆಸಬೇಕೆಂದು ತೋರಿಸುತ್ತಾನೆ. ಕೊಠಡಿಯಲ್ಲಿ ಮಗುವಿಗೆ ದೊರೆಯುವುದು ಮುಕ್ಕಾಲು ಗಂಟೆ. ಮಗು ಎಚ್ಚರವಾಗಿರುವ ಉಳಿದ ಗಂಟೆಗಳೆಲ್ಲ ತಾಯಿಯವು. ಆದುದರಿಂದ ಇಲ್ಲಿ ನಿಜವಾದ ಶಿಷ್ಯೆ ತಾಯಿ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವಾಗ, ಸ್ನಾನ ಮಾಡಿಸುವಾಗ, ಬಟ್ಟೆ ಒಗೆಯುವಾಗ ಅದೇ ಮಾತನ್ನು ಮತ್ತೆ ಮತ್ತೆ ಆಡಬೇಕೆಂದು ಅವಳಿಗೆ ಮನವರಿಕೆಯಾದರೆ ಅರ್ಧ ಕೆಲಸ ಆದಂತೆ.

ಈ ಪಾಠದಲ್ಲಿ ಭಾಷೆಯ ಒಂದು ತೊಡಕಿದೆ. ಕನ್ನಡದ ಉಪಾಧ್ಯಾಯರಿಗೆ ಇದು ಕುತೂಹಲದ ವಿಷಯವಾದೀತು. ಮೈಸೂರಿಗೆ ಕಲಿಯಲು ಬಂದವರಲ್ಲಿ ಮಲಯಾಳಂ, ಹಿಂದಿ, ಬಂಗಾಳಿ ಮಾತಾಡುವವರೂ ಇರುತ್ತಾರೆ. ಕನ್ನಡದ ಮಗುವಿಗೆ ಮಾತು ಕಲಿಸಲು ಅವರು ಮೊದಲು ತಾವು ಕನ್ನಡ ಕಲಿಯಬೇಕು. ಹಾಗೆ ಕಲಿತದ್ದೂ ಮೈಸೂರಿನ ಕನ್ನಡ. ಚಿತ್ರ ತೋರಿಸಿ ‘ಪೊರಕೆ’ ಎಂದು ಕಲಿಸಿದರೆ ಉತ್ತರ ಕರ್ನಾಟಕದಿಂದ ಬಂದ ಮಗುವಿನ ಮನೆಯಲ್ಲಿ ಅದು ‘ಕಸಬರಿಗೆ’. ಇಲ್ಲಿನ ‘ಚೊಂಬು’ ಅಲ್ಲಿ ‘ತಂಬಿಗೆ’. ಕೇಳುವ ಮಗು ಎರಡನ್ನೂ ಲೀಲಾಜಾಲವಾಗಿ ಅರಗಿಸಿಕೊಳ್ಳುತ್ತದೆ. ಒಂದೊಂದು ಪದವನ್ನೂ ನೂರು ಸಲ ಕೇಳಿ ಗಳಿಸಬೇಕಾದ ಮಗುವಿಗೆ ಕೊಠಡಿಯ ಪದ ಬೇರೆ, ಮನೆಯ ಪದ ಬೇರೆಯಾದರೆ ಗಳಿಕೆ ಅರ್ಧವಾಗುತ್ತದೆ. ಆದುದರಿಂದ ಬುದ್ಧಿವಂತ ವಿದ್ಯಾರ್ಥಿ ಚಿತ್ರದ ಪಟ್ಟಿಯನ್ನು ಬದಿಗಿಟ್ಟು, “ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಮ್ಮ?” ಎಂದು ತಾಯಿಯನ್ನು ಕೇಳಿ ಆ ಪದವನ್ನೇ ಬಳಸುತ್ತಾನೆ. ಪದವೀಧರನಾಗಲಿರುವವನು ಓದು ಬಾರದ ತಾಯಿಯ ಮುಂದೆ ವಿದ್ಯಾರ್ಥಿಯಾಗಿ ಕೂರುವ ಈ ಗಳಿಗೆ ಸೇವಾವರ್ಷದ ದೊಡ್ಡ ಲಾಭವೆಂದು ನಾನು ತಿಳಿದಿದ್ದೇನೆ.

ಲಾಭದ ಮಾತಾಯಿತು. ನಷ್ಟವನ್ನೂ ಮುಚ್ಚಿಡಬಾರದು. ಸೇವಾವರ್ಷದ ವಿದ್ಯಾರ್ಥಿ ಒಂದೆಡೆ ನಿಲ್ಲುವವನಲ್ಲ. ಕೆಲವು ವಾರ ಆಸ್ಪತ್ರೆ, ಕೆಲವು ವಾರ ಚಿಕಿತ್ಸಾ ಕೊಠಡಿ, ಕೆಲವು ವಾರ ಹಳ್ಳಿಯ ಕೇಂದ್ರ, ಹೀಗೆ ಅವನ ಸರದಿ ತಿರುಗುತ್ತಿರುತ್ತದೆ. ಅವನಿಗೆ ಇದು ಅಗತ್ಯ. ಆದರೆ ಮಗುವಿಗೆ? ಒಬ್ಬರ ಮುಖಕ್ಕೆ, ದನಿಗೆ ಹೊಂದಿಕೊಂಡು ಬಾಯಿ ತೆರೆಯುವ ಹೊತ್ತಿಗೆ ಅವರು ಹೋಗಿ ಇನ್ನೊಬ್ಬರು ಬಂದಿರುತ್ತಾರೆ. ಹೊಸಬರು ಹಳಬರ ದಾಖಲೆ ಓದದೆ ಮೊದಲಿನಿಂದ ತೊಡಗಿದರೆ ಮಗು ಒಂದೇ ಪಾಠವನ್ನು ಮೂರು ಸಲ ಕಲಿಯಬೇಕಾಗುತ್ತದೆ. ಶಾಲಾಪೂರ್ವ ಶಿಕ್ಷಣದ ಹಿರಿಮೆಗೆ ಎಲ್ಲರೂ ಉದಾಹರಿಸುವ ಅಮೆರಿಕದ ಪೆರಿ ಶಾಲೆಯ ಪ್ರಯೋಗವನ್ನೇ ನೋಡೋಣ. ೧೯೬೨ರಿಂದ ೧೯೬೭ರವರೆಗೆ ಮಿಚಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ ಬಡ ಮನೆಗಳ ೧೨೩ ಮಕ್ಕಳಲ್ಲಿ ೫೮ ಮಕ್ಕಳಿಗೆ ಈ ಶಿಕ್ಷಣ ದೊರೆಯಿತು. ಅದರ ಫಲವನ್ನು ಅವರ ನಲವತ್ತನೆಯ ವಯಸ್ಸಿನವರೆಗೂ, ಆಮೇಲೂ ಅಳೆದು ನೋಡಿದರು. ಅಲ್ಲಿ ಪಾಠ ಹೇಳಿದವರು ಪೂರ್ಣ ಅರ್ಹತೆಯ ಉಪಾಧ್ಯಾಯರು. ವಾರಕ್ಕೊಮ್ಮೆ ತಾವೇ ಮನೆಗೆ ಹೋಗಿ ತಾಯಿಯೊಡನೆ ಒಂದೂವರೆ ಗಂಟೆ ಕಳೆಯುತ್ತಿದ್ದರು. ಆ ಫಲವನ್ನು ತೋರಿಸಿ ವಿದ್ಯಾರ್ಥಿಗಳನ್ನು ಅಗ್ಗದ ಕೆಲಸಗಾರರಂತೆ ಬಳಸುವುದು ನ್ಯಾಯವಲ್ಲ. ವಿದ್ಯಾರ್ಥಿ ಬೇಕು; ಅವನ ಬೆನ್ನ ಹಿಂದೆ ಕದಲದೆ ನಿಲ್ಲುವ ಹಿರಿಯ ತಜ್ಞರೂ ಬೇಕು, ಅಚ್ಚುಕಟ್ಟಾದ ದಾಖಲೆಯೂ ಬೇಕು.

ಇನ್ನು ಹಳ್ಳಿಯ ಕಡೆ. ಮೈಸೂರಿನ ಸಂಸ್ಥೆಯು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಯಳಂದೂರು ತಾಲ್ಲೂಕಿನ ಗುಂಬಳ್ಳಿಗಳಲ್ಲಿ ಗ್ರಾಮಸೇವಾ ಕೇಂದ್ರಗಳನ್ನು ತೆರೆದು ತನ್ನ ಕೆಲಸವನ್ನು ಊರಬಾಗಿಲಿಗೆ ಒಯ್ದಿತು. ಅಂಗನವಾಡಿ ಯೋಜನೆ ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದ್ದು ಇದೇ ಸೀಮೆಯ ತಿರುಮಕೂಡಲು ನರಸೀಪುರ. ಮಗುವನ್ನು ದಿನವೂ ನೋಡುವ ಅಂಗನವಾಡಿ ಕಾರ್ಯಕರ್ತೆಯ ಕಣ್ಣು ಯಾವ ಯಂತ್ರಕ್ಕೂ ಕಡಿಮೆಯಲ್ಲ; ಏನನ್ನು ನೋಡಬೇಕೆಂದು ಅವಳಿಗೆ ತಿಳಿದಿರಬೇಕು, ಅಷ್ಟೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ದೋಷ ಕಂಡ ಮಕ್ಕಳನ್ನು ಜಿಲ್ಲೆಯ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ.

ಸನ್ನೆಭಾಷೆಯ ವಿಚಾರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸನ್ನೆ ಕಲಿತರೆ ಮಗು ಮಾತು ಕಲಿಯದು ಎಂಬ ಭಯ ಹಿಂದೆ ಬಲವಾಗಿತ್ತು. ಮಕ್ಕಳ ಕೈ ಕಟ್ಟಿ ಕೂರಿಸುತ್ತಿದ್ದ ಶಾಲೆಗಳೂ ಲೋಕದಲ್ಲಿದ್ದವು. ಭಾರತೀಯ ಸನ್ನೆಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆಯೆಂದು ಇಂದು ವಿದ್ವಾಂಸರು ಒಪ್ಪಿದ್ದಾರೆ. ತಡವಾಗಿ ಬಂದ ಮಗುವಿಗೆ, ಸಾಧನದಿಂದ ಸಾಕಷ್ಟು ಪ್ರಯೋಜನವಾಗದ ಮಗುವಿಗೆ ಅದನ್ನು ನಿರಾಕರಿಸುವುದು ಅನ್ಯಾಯ. ಎಳವೆಯಲ್ಲಿ ಯಾವುದಾದರೂ ಒಂದು ಭಾಷೆ ಮಗುವಿನ ಒಳಗೆ ಬೇರೂರಬೇಕು.

ದಾನಿಗಳಾದ ಮಹನೀಯರಲ್ಲಿ ಒಂದು ಅರಿಕೆ. ಇಂಥ ಕಾರ್ಯಕ್ಕೆ ನೆರವೆಂದೊಡನೆ ಕಟ್ಟಡ, ಯಂತ್ರ, ಅಮೃತಶಿಲೆಯ ಹಲಗೆ ನೆನಪಿಗೆ ಬರುತ್ತವೆ. ಅವೂ ಬೇಕು. ಆದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ತಾಯಿಗೆ ವಾರಕ್ಕೆ ಎರಡು ಸಲ ಬರಲಾಗದೆ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅವಳ ಟಿಕೇಟಿನ ಹೊರೆ ತಪ್ಪಿತು. ಆ ದಿನದ ಕೂಲಿಯ ನಷ್ಟ ತಪ್ಪಲಿಲ್ಲ. ಊರಿನಿಂದ ಬಂದು ತಿಂಗಳುಗಟ್ಟಲೆ ನಿಲ್ಲುವ ತಾಯಿ-ಮಗುವಿಗೆ ಒಂದು ಕೋಣೆ, ಎರಡು ಹೊತ್ತಿನ ಪ್ರಸಾದ, ಶ್ರವಣ ಸಾಧನಕ್ಕೆ ಬ್ಯಾಟರಿ, ಮಗು ಬೆಳೆದಂತೆ ಬದಲಿಸಬೇಕಾದ ಕಿವಿಯ ಅಚ್ಚು ಇವು ದೊಡ್ಡ ಮೊತ್ತದ ಮಾತಲ್ಲ. ದಾಸೋಹದ ಪರಂಪರೆಯುಳ್ಳ ಮಠಗಳಿಗೆ ಹೊಸದೂ ಅಲ್ಲ.

ಉಪಾಧ್ಯಾಯ ಬಂಧುಗಳಿಗೆ ಒಂದು ಉಪಯುಕ್ತ ವಿಷಯ. ಶ್ರವಣ ಸಾಧನ ತೊಟ್ಟ ಮಗು ತರಗತಿಯಲ್ಲಿದ್ದರೆ ಬೆಳಗ್ಗೆ ಪಾಠಕ್ಕೆ ಮುನ್ನ ಆರು ಧ್ವನಿಗಳನ್ನು ಒಂದೊಂದಾಗಿ ಉಚ್ಚರಿಸಿ: ಆ, ಈ, ಊ, ಷ್, ಸ್, ಮ್. ಡೇನಿಯಲ್ ಲಿಂಗ್ ಎಂಬ ವಿದ್ವಾಂಸರು ರೂಪಿಸಿದ ಪರೀಕ್ಷೆಯಿದು. ಮಾತಿನ ತಗ್ಗು ಸ್ವರದಿಂದ ಮೇಲು ಸ್ವರದವರೆಗಿನ ವ್ಯಾಪ್ತಿ ಈ ಆರರಲ್ಲಿ ಅಡಗಿದೆ. ಮಗು ತುಟಿ ನೋಡದಂತೆ ಅದರ ಹಿಂದೆ ನಿಂತು, ಸಾಮಾನ್ಯ ದನಿಯಲ್ಲಿ, ನಡುನಡುವೆ ಬಿಡುವು ಕೊಟ್ಟು ಹೇಳಬೇಕು. ಕೇಳಿದಾಗಲೆಲ್ಲ ಮಗು ಕೈಯೆತ್ತಲಿ. ನಿನ್ನೆಯವರೆಗೆ ಆರಕ್ಕೂ ಕೈಯೆತ್ತುತ್ತಿದ್ದ ಮಗು ಇಂದು ‘ಸ್’, ‘ಷ್’ಗಳಿಗೆ ಸುಮ್ಮನಿದ್ದರೆ ಬ್ಯಾಟರಿ ಇಳಿದಿರಬಹುದು, ಅಚ್ಚಿನಲ್ಲಿ ಕೊಳೆ ಕಟ್ಟಿರಬಹುದು, ಇಲ್ಲವೆ ಕಿವಿ ಸೋರುತ್ತಿರಬಹುದು. ಎರಡು ನಿಮಿಷ ಸಾಕು. ಅದರ ಫಲಿತವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಸಲ ತಾಯಿ ಚಿಕಿತ್ಸೆಗೆ ಹೋಗುವಾಗ ಅವಳ ಕೈಯಲ್ಲಿ ಕಳುಹಿಸಿದರೆ, ಅಂದು ಸರದಿಯಲ್ಲಿರುವ ಹೊಸ ವಿದ್ಯಾರ್ಥಿಗೆ ಅದು ಬಹಳ ಕೆಲಸಕ್ಕೆ ಬರುತ್ತದೆ.