ಬಡಾವಣೆಯ ಬಾರಿನಲ್ಲಿ ಬ್ಯಾಂಡ್ ಸಂಜೆ: ಕಲಾವಿದರೂ ಸರಬರಾಜುದಾರರೇ

ದಕ್ಷಿಣ ಬೆಂಗಳೂರಿಗೆ ಸಂಗೀತವು ಹೊಸದಲ್ಲ. ಬೆಂಗಳೂರು ಗಾಯನ ಸಮಾಜ ಸ್ಥಾಪನೆಯಾದದ್ದು 1905ರಲ್ಲಿ. ಜೆ.ಪಿ. ನಗರದ ರಂಗಶಂಕರವು 2004ರಿಂದ ಟಿಕೆಟ್ ಕೊಂಡು ನಾಟಕ ನೋಡುವ ಪ್ರೇಕ್ಷಕರನ್ನು ಕಂಡಿದೆ. ಥರ್ಮಲ್ ಅಂಡ್ ಎ ಕ್ವಾರ್ಟರ್ (1996), ಸ್ವರಾತ್ಮ (2002) ಮುಂತಾದ ಬ್ಯಾಂಡ್‌ಗಳು ಇದೇ ನಗರದಲ್ಲಿ ಬೆಳೆದು ಹೆಸರು ಮಾಡಿವೆ. ಹೀಗಿರುವಾಗ ಜಯನಗರ, ಬನಶಂಕರಿ ಅಥವಾ ಬಿ.ಟಿ.ಎಂ. ಬಡಾವಣೆಯ ಸಣ್ಣ ಬಾರ್ ಮಾಲೀಕರೊಬ್ಬರು ವಾರಕ್ಕೊಂದು ಸಂಜೆ ಸ್ಥಳೀಯ ಬ್ಯಾಂಡ್ ನುಡಿಸಲಿ ಎಂದು ಬಯಸುವುದು ಸಹಜ. ಆದರೆ ಈ ಸಂಜೆಯನ್ನು ಕೇವಲ ಮನರಂಜನೆಯೆಂದು ಭಾವಿಸಿದವರು ನಷ್ಟಕ್ಕೆ ಗುರಿಯಾಗುತ್ತಾರೆ. ಇದು ಪರವಾನಗಿ, ವೆಚ್ಚ, ಸರಬರಾಜು ಮತ್ತು ಪಾವತಿಗಳನ್ನೊಳಗೊಂಡ ಒಂದು ಪೂರ್ಣ ವ್ಯವಹಾರ.

ಸನ್ನದೊಂದೇ ಸಾಲದು

ಬಾರ್ ಮತ್ತು ರೆಸ್ಟೋರೆಂಟಿಗೆ ಅಬಕಾರಿ ಇಲಾಖೆ ನೀಡುವ ಸಿ.ಎಲ್.-9 ಸನ್ನದು ಮದ್ಯ ಮಾರಾಟಕ್ಕೆ ಮಾತ್ರ ಸಂಬಂಧಿಸಿದ್ದು. ಬ್ಯಾಂಡ್ ನುಡಿಸಲು 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಆದೇಶದನ್ವಯ ಪೊಲೀಸ್ ಆಯುಕ್ತರ ಪರವಾನಗಿ ಪ್ರತ್ಯೇಕವಾಗಿ ಬೇಕು. ಈ ಆದೇಶವನ್ನು ಪ್ರಶ್ನಿಸಿದ ಮಾಲೀಕರ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2018ರ ಜನವರಿಯಲ್ಲಿ ತಳ್ಳಿಹಾಕಿ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಅದನ್ನು ಬಿಗಿಯಾಗಿ ಜಾರಿಗೊಳಿಸಿದಾಗ ನಗರದ ಅನೇಕ ಪಬ್‌ಗಳಲ್ಲಿ ಸಂಗೀತವು ನಿಂತುಹೋಯಿತು. ಕಟ್ಟಡದ ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದೆ ಹಲವರಿಗೆ ಪರವಾನಗಿ ಪಡೆಯುವುದೇ ಕಷ್ಟವಾಯಿತು. ಮಾಲೀಕರು ಒಂದು ಆಕರ್ಷಣೆಯನ್ನು ಕಳೆದುಕೊಂಡರು. ವಾದ್ಯಗಾರರು ಸಂಪಾದನೆಯನ್ನೇ ಕಳೆದುಕೊಂಡರು. ಆದುದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಕಟ್ಟಡದ ದಾಖಲೆಗಳನ್ನು ಪರಿಶೀಲಿಸುವುದು ಜಾಣತನ.

ಬ್ಯಾಂಡ್ ಇತರರ ಹಾಡುಗಳನ್ನು ನುಡಿಸುವುದಾದರೆ ಕೃತಿಸ್ವಾಮ್ಯದ ಪ್ರಶ್ನೆಯೂ ಏಳುತ್ತದೆ. ಗೀತರಚನಕಾರರು ಮತ್ತು ಸಂಯೋಜಕರ ಪರವಾಗಿ 1969ರಲ್ಲಿ ಸ್ಥಾಪಿತವಾದ ಐ.ಪಿ.ಆರ್.ಎಸ್. ಸಂಸ್ಥೆ ಇಂತಹ ಪರವಾನಗಿಗಳನ್ನು ನೀಡುತ್ತದೆ. ಸ್ವಂತ ರಚನೆಗಳನ್ನು ನುಡಿಸುವ ಬ್ಯಾಂಡ್ ಕೂಡ ಈ ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು.

ನೆರೆಹೊರೆಯೇ ಮೊದಲ ಬಂಡವಾಳ

ನಮ್ಮ ಬಡಾವಣೆಗಳಲ್ಲಿ ಬಾರಿನ ಹಿಂಬದಿಯ ಗೋಡೆಗೆ ಮನೆಯೊಂದರ ಮಲಗುವ ಕೋಣೆ ತಾಗಿರುವುದು ಅಪರೂಪವಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಮತ್ತು ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿಯೆಂದರೆ 10ರಿಂದ ಬೆಳಗಿನ 6 ಗಂಟೆಯವರೆಗೆ. ಬಾರ್ ತೆರೆದಿಡುವ ಅವಧಿಯನ್ನು 2024ರಲ್ಲಿ ರಾತ್ರಿ 1 ಗಂಟೆಯವರೆಗೆ ವಿಸ್ತರಿಸಿದ್ದರೂ ಶಬ್ದದ ನಿಯಮಗಳು ಅದರಿಂದ ಸಡಿಲವಾಗಿಲ್ಲ.

ಸಣ್ಣ ಕೋಣೆಯಲ್ಲಿ ಶಬ್ದದ ಮಟ್ಟವನ್ನು ನಿರ್ಧರಿಸುವುದು ಧ್ವನಿವರ್ಧಕವಲ್ಲ, ಡ್ರಮ್ಸ್. ಅದನ್ನು ಮೀರಿ ಗಾಯಕರ ದನಿ ಕೇಳಬೇಕೆಂದು ಉಳಿದೆಲ್ಲವನ್ನೂ ಏರಿಸಬೇಕಾಗುತ್ತದೆ. ಡ್ರಮ್ಸ್ ಬದಲು ಕಹೋನ್ ಎಂಬ ಮರದ ಪೆಟ್ಟಿಗೆ ವಾದ್ಯವನ್ನು ಬಳಸಿದರೆ ಇಡೀ ತಂಡದ ಶಬ್ದವು ತಗ್ಗುತ್ತದೆ. ಬಾಗಿಲು, ಕಿಟಕಿಗಳ ಸಂದುಗಳನ್ನು ಮುಚ್ಚಿಸಿ, ಸಂಜೆ 7ಕ್ಕೆ ಆರಂಭಿಸಿ 9.30ಕ್ಕೆ ಮುಗಿಸಿದರೆ ಬಹುತೇಕ ದೂರುಗಳು ಹುಟ್ಟುವುದೇ ಇಲ್ಲ.

ಲೆಕ್ಕ ಏನು ಹೇಳುತ್ತದೆ?

ಒಂದು ಉದಾಹರಣೆಯನ್ನು ಗಮನಿಸೋಣ. ನಾಲ್ವರ ಬ್ಯಾಂಡಿಗೆ ರೂ. 12,000, ಧ್ವನಿ ಸಲಕರಣೆಯ ಬಾಡಿಗೆ ರೂ. 5,000, ಪ್ರಚಾರ ಮತ್ತು ಇತರೆ ರೂ. 3,000, ಒಟ್ಟು ರೂ. 20,000 ಎಂದಿಟ್ಟುಕೊಳ್ಳೋಣ. ಮಾರಾಟದಲ್ಲಿ ಉಳಿಯುವ ಲಾಭಾಂಶ ಶೇ. 40 ಆದರೆ, ಈ ವೆಚ್ಚ ಹೊರಡಲು ರೂ. 50,000ದಷ್ಟು ಹೆಚ್ಚುವರಿ ಮಾರಾಟವಾಗಬೇಕು. ಮೇಜೊಂದಕ್ಕೆ ರೂ. 2,500 ಎಂದರೂ ಅದು 20 ಮೇಜುಗಳ ವ್ಯಾಪಾರ. ಇಲ್ಲಿ 'ಹೆಚ್ಚುವರಿ' ಎಂಬ ಪದವೇ ಮುಖ್ಯ. ಶನಿವಾರ ಹೇಗಿದ್ದರೂ ತುಂಬುವ ಬಾರಿನಲ್ಲಿ ಬ್ಯಾಂಡ್ ನುಡಿಸಿದರೆ ಮಾರಾಟ ಅಷ್ಟಾಗಿ ಹೆಚ್ಚದು, ವೆಚ್ಚ ಮಾತ್ರ ಹೆಚ್ಚುತ್ತದೆ. ಮೇಜುಗಳು ಖಾಲಿಯಿರುವ ಮಂಗಳವಾರ ಅಥವಾ ಬುಧವಾರವೇ ಇದಕ್ಕೆ ಯೋಗ್ಯ ದಿನ.

ಅದೇ ಲೆಕ್ಕವನ್ನು ವಾದ್ಯಗಾರರ ಕಡೆಯಿಂದಲೂ ನೋಡಬೇಕು. ತಲಾ ರೂ. 3,000ದಲ್ಲಿ ತಾಲೀಮು, ವಾದ್ಯಗಳ ಸಾಗಣೆ, ತಂತಿಗಳ ಬದಲಾವಣೆ ಎಲ್ಲವೂ ಸೇರಿರುತ್ತವೆ.

ತೆರಿಗೆಯ ಒಂದು ಅಂಶವನ್ನೂ ಗಮನಿಸತಕ್ಕದ್ದು. ಜಾನಪದ ಅಥವಾ ಶಾಸ್ತ್ರೀಯ ಸಂಗೀತ ನೀಡುವ ಕಲಾವಿದರಿಗೆ ಪ್ರದರ್ಶನವೊಂದಕ್ಕೆ ರೂ. 1.5 ಲಕ್ಷದವರೆಗೆ ಜಿ.ಎಸ್.ಟಿ. ವಿನಾಯಿತಿಯಿದೆ, ರಾಕ್ ಬ್ಯಾಂಡಿಗೆ ಅದು ಅನ್ವಯಿಸದು. ಆದರೆ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದ ಸ್ಥಳೀಯ ತಂಡಕ್ಕೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ನೋಂದಾಯಿತ ಸಂಸ್ಥೆಯ ಮೂಲಕ ಬ್ಯಾಂಡ್ ಕರೆಸಿದರೆ, ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ರೆಸ್ಟೋರೆಂಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಆ ಮೊತ್ತವೂ ವೆಚ್ಚವಾಗಿಯೇ ಉಳಿಯುತ್ತದೆ.

ವೀಳ್ಯದ ಪದ್ಧತಿ

ಮದುವೆಗೆ ವಾಲಗದವರನ್ನು ಗೊತ್ತುಮಾಡುವಾಗ ನಮ್ಮ ಹಿರಿಯರು ವೀಳ್ಯದೊಂದಿಗೆ ಮುಂಗಡವನ್ನು ಕೊಡುತ್ತಿದ್ದರು. ಮಾತು ಅಲ್ಲಿಗೆ ಕಟ್ಟಿಬೀಳುತ್ತಿತ್ತು. ಬ್ಯಾಂಡ್ ವಿಷಯದಲ್ಲೂ ಇದೇ ಪದ್ಧತಿ ಲೇಸು. ದಿನಾಂಕ, ನುಡಿಸುವ ಅವಧಿ, ಸಲಕರಣೆ ಯಾರದು, ಊಟ, ಮುಂಗಡ, ಉಳಿದ ಹಣದ ಪಾವತಿ, ರದ್ದಾದರೆ ಪರಿಹಾರ ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಮಾಡಿದರೆ ಸಾಕು. ಜನ ಬಂದರೆ ಹಣ, ಇಲ್ಲವಾದರೆ ಹೆಸರು ಎಂಬ ಬಾಯಿಮಾತಿನ ಏರ್ಪಾಟು ಮಾಲೀಕರ ವ್ಯಾಪಾರದ ಅಪಾಯವನ್ನೆಲ್ಲ ವಾದ್ಯಗಾರರ ತಲೆಗೆ ಕಟ್ಟುತ್ತದೆ. ಅಂತಹ ಕಡೆಗೆ ಒಳ್ಳೆಯ ತಂಡ ಎರಡನೆಯ ಬಾರಿ ಬರುವುದಿಲ್ಲ.

ದೊಡ್ಡ ಖರೀದಿದಾರರು ಬಾಕಿ ಉಳಿಸಿಕೊಂಡಾಗ ನಮ್ಮ ಸಣ್ಣ ಉದ್ಯಮಿಗಳು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ 45 ದಿನಗಳ ಮಿತಿಯನ್ನು ನೆನಪಿಸುತ್ತಾರೆ. ಅದು ನ್ಯಾಯವೇ ಸರಿ. ಬಡಾವಣೆಯ ಬಾರಿನಲ್ಲಿ ನುಡಿಸುವ ನಾಲ್ವರು ಅಂತಹ ನೋಂದಣಿಯಿಲ್ಲದ ಸರಬರಾಜುದಾರರು. ಕಾರ್ಯಕ್ರಮ ಮುಗಿದ ರಾತ್ರಿಯೇ ಅವರ ಹಣ ಅವರ ಕೈಸೇರುವಂತೆ ನೋಡಿಕೊಳ್ಳುವ ಮಾಲೀಕರಿಗೆ ಮುಂದಿನ ಬುಧವಾರಕ್ಕೆ ಬ್ಯಾಂಡ್ ಹುಡುಕುವ ಕಷ್ಟವಿರದು.