ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ಅಲಂಕಾರಿಕ ಮರಗಳ ಪುನಶ್ಚೇತನ: ಸಾರ್ವಜನಿಕರಿಗೆ ಮಾಹಿತಿ

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ ಹಾಗೂ ಪಾವಗಡ ತಾಲ್ಲೂಕುಗಳು ಕಡಿಮೆ ಮಳೆಯ ಪ್ರದೇಶದಲ್ಲಿವೆ. 2023ರಲ್ಲಿ ಮುಂಗಾರು ವಿಫಲವಾಗಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಇಂತಹ ವರ್ಷಗಳ ನಂತರದ ಬೇಸಿಗೆಯಲ್ಲಿ ಗೊರವನಹಳ್ಳಿಯಂತಹ ಗ್ರಾಮಗಳ ಮನೆಯಂಗಳ ಹಾಗೂ ದೇವಾಲಯಗಳ ಆವರಣದ ಮರಗಳು ಎಲೆಯುದುರಿಸಿ ಬರಿದಾಗುವುದುಂಟು. ಮರ ಸತ್ತಿದೆಯೆಂದು ತೆರವಿಗೆ ಅರ್ಜಿ ಸಲ್ಲಿಸುವ ಮುನ್ನ ಅದರಲ್ಲಿ ಜೀವವಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಗುಲ್‌ಮೊಹರ್, ಕಕ್ಕೆ ಮತ್ತು ಹೊಂಗೆ ಮರಗಳು ಬೇಸಿಗೆಯ ಆಸುಪಾಸಿನಲ್ಲಿ ಎಲೆಯುದುರಿಸುವುದು ಸಹಜ ಗುಣವೇ ಆಗಿದೆ. ಸಂಪಿಗೆಯ ವಿಷಯ ಬೇರೆ. ಅದು ನಿತ್ಯಹಸಿರಿನ ಮರವಾದುದರಿಂದ ಎಲೆಯಂಚು ಸುಟ್ಟಂತಾಗಿ ಉದುರತೊಡಗಿದರೆ ನೀರಿನ ಕೊರತೆಯನ್ನು ಶಂಕಿಸಬೇಕು. ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಪದರ ಹಸಿರಾಗಿ ತೇವದಿಂದಿದ್ದರೆ ಆ ಭಾಗ ಜೀವಂತವಾಗಿದೆ. ಒಂದು ಕೊಂಬೆ ಒಣಗಿದ ಮಾತ್ರಕ್ಕೆ ತೀರ್ಮಾನಕ್ಕೆ ಬರದೆ, ಕಾಂಡದ ಬುಡದವರೆಗೆ ಹಲವೆಡೆ ಪರೀಕ್ಷಿಸತಕ್ಕದ್ದು.

ಜೀವವಿರುವ ಮರಕ್ಕೆ ಮೊದಲು ಬೇಕಾದುದು ನೀರು. ದಿನವೂ ಒಂದೊಂದು ಕೊಡ ನೀರನ್ನು ಬುಡಕ್ಕೆ ಸುರಿಯುವುದು ರೂಢಿ. ಇದರಿಂದ ಪ್ರಯೋಜನ ಅತ್ಯಲ್ಪ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿ, ಕಾಂಡದಿಂದ ದೂರದಲ್ಲಿ ಹರಡಿರುತ್ತವೆ. ಆದುದರಿಂದ ಕೊಂಬೆಗಳ ನೆರಳಿನ ಅಂಚಿನಲ್ಲಿ ಪಾತಿ ಮಾಡಿ, ಸಂಜೆ ವೇಳೆ ನೀರು ನಿಧಾನವಾಗಿ ಒಂದು ಅಡಿಗೂ ಆಳಕ್ಕೆ ಇಳಿಯುವಂತೆ ಹಾಯಿಸಬೇಕು. ಮಣ್ಣು ಒಣಗಿದ ನಂತರವೇ, ಸಾಮಾನ್ಯವಾಗಿ ಹತ್ತು ಹದಿನೈದು ದಿನಗಳಿಗೊಮ್ಮೆ, ಇದನ್ನು ಪುನರಾವರ್ತಿಸಬಹುದು. ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಿಂದ ಹೊರಬೀಳುವ ನೀರು ವ್ಯರ್ಥವಾಗದಿರಲೆಂದು ಮರಗಳಿಗೆ ಬಿಡುವವರಿದ್ದಾರೆ. ಸದರಿ ನೀರಿನಲ್ಲಿ ಲವಣಾಂಶ ಅಧಿಕವಾಗಿರುವುದರಿಂದ ಬಳಲಿದ ಮರಕ್ಕೆ ಅದು ಹಾನಿಕರ.

ಪಾತಿಯ ಮೇಲೆ ಎರಡು ಮೂರು ಅಂಗುಲ ದಪ್ಪ ಒಣ ಎಲೆ ಅಥವಾ ಈ ಭಾಗದಲ್ಲಿ ಸುಲಭವಾಗಿ ದೊರೆಯುವ ಕಡಲೆಕಾಯಿ ಸಿಪ್ಪೆಯನ್ನು ಹರಡಿದರೆ ತೇವ ಉಳಿಯುತ್ತದೆ. ಗೆದ್ದಲಿನ ಬಾಧೆ ಇರುವುದರಿಂದ ಈ ಹೊದಿಕೆ ಕಾಂಡಕ್ಕೆ ತಾಗಬಾರದು. ಬುಡದ ಸುತ್ತ ಕಾಂಕ್ರೀಟ್ ಹಾಕಿದ್ದಲ್ಲಿ ಬೇರಿಗೆ ಧಕ್ಕೆಯಾಗದಂತೆ ಸಾಧ್ಯವಿದ್ದಷ್ಟು ತೆಗೆಸುವುದು ಸೂಕ್ತ.

ಮರ ಚಿಗುರಲೆಂಬ ಆತುರದಿಂದ ಯೂರಿಯಾ ಹಾಕುವುದು ತಪ್ಪು. ಒಣ ಮಣ್ಣಿನಲ್ಲಿ ಗೊಬ್ಬರದ ಲವಣ ಬೇರನ್ನು ಸುಡುತ್ತದೆ. ಕೊಂಬೆ ಸವರುವ ಕೆಲಸವನ್ನೂ ಮಳೆ ಬಂದು ಚಿಗುರು ಕಾಣುವವರೆಗೆ ಮುಂದೂಡಬೇಕು. ಯಾವುದು ಒಣಗಿದೆ, ಯಾವುದು ಉಳಿದಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಈ ಭಾಗದಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದರಿಂದ ಅಲ್ಲಿಯವರೆಗೆ ತಾಳ್ಮೆ ಅಗತ್ಯ. ಆದರೆ ರಸ್ತೆ ಅಥವಾ ಮನೆಯ ಮೇಲೆ ಬೀಳುವಂತಿರುವ ಒಣ ಕೊಂಬೆಗಳ ವಿಷಯದಲ್ಲಿ ಕಾಯುವಂತಿಲ್ಲ. ವಿದ್ಯುತ್ ತಂತಿಯ ಸಮೀಪದ ಕೊಂಬೆಗಳನ್ನು ಸ್ವತಃ ಕಡಿಯದೆ ಬೆಸ್ಕಾಂ ಕಚೇರಿಗೆ ತಿಳಿಸುವುದು.

ಪರೀಕ್ಷೆಯಲ್ಲಿ ಎಲ್ಲಿಯೂ ಹಸಿರು ಕಾಣದಿದ್ದಲ್ಲಿ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ವೃಕ್ಷಾಧಿಕಾರಿಯ ಅನುಮತಿ ಪಡೆದು ಮರವನ್ನು ತೆರವುಗೊಳಿಸಬಹುದಾಗಿದೆ. ಈ ಬಗ್ಗೆ ಅರಣ್ಯ ಇಲಾಖೆಯ ಕಚೇರಿಯನ್ನು ಸಂಪರ್ಕಿಸುವವರು ಮರದ ಜಾತಿ, ಅದು ಇರುವ ಸ್ಥಳ ಹಾಗೂ ತೆರವಿಗೆ ಕಾರಣವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು.